ವಾಕಿಂಗ್ ಮಾಡಿ ಅಂತ ಬರೆದುಕೊಟ್ಟರೆ ಸಾಕಾ?

ಎರಡು ವರ್ಷದ ಹಿಂದೆ ನಮ್ಮ ಚಿಕ್ಕಮ್ಮನಿಗೆ ಡಿಪ್ರೆಶನ್ ಅಂತ ಗೊತ್ತಾಯಿತು. ಗೊತ್ತಾಗುವ ಹೊತ್ತಿಗೆ ಆರೇಳು ತಿಂಗಳು ಕಳೆದಿತ್ತು. ಅದಕ್ಕೂ ಮುಂಚೆ ಥೈರಾಯ್ಡ್ ನೋಡಿಸಿದ್ದಾಯಿತು, ಬಿ12 ಇಂಜೆಕ್ಷನ್ ಆಯಿತು, ದೃಷ್ಟಿ ತೆಗೆದಿದ್ದೂ ಆಯಿತು. ಕೊನೆಗೆ ಮನೋವೈದ್ಯರ ಹತ್ತಿರ ಹೋದಾಗ ಅವರು ಒಂದು ಮಾತ್ರೆ ಬರೆದು, ಚೀಟಿಯ ಕೆಳಗೆ ‘ದಿನಾ 45 ನಿಮಿಷ ವಾಕಿಂಗ್’ ಅಂತ ಗೀಚಿ ಕೊಟ್ಟರು. ಮಾತ್ರೆಯನ್ನು ಚಿಕ್ಕಪ್ಪ ಮೆಡಿಕಲ್ ಶಾಪಿನಿಂದ ತಂದರು, ಹೊತ್ತು ಹೊತ್ತಿಗೆ ಕೈಗೆ ಕೊಟ್ಟರು. ವಾಕಿಂಗನ್ನು ಯಾವ ಅಂಗಡಿಯಿಂದ ತರುವುದು? ಅದು ಚೀಟಿಯಲ್ಲೇ ಉಳಿಯಿತು. ಒಂದು ತಿಂಗಳಾದ ಮೇಲೆ ಮನೆಯವರೆಲ್ಲ ಸೇರಿ ಅವರಿಗೇ ಬೈದರು, ‘ಡಾಕ್ಟರು ಹೇಳಿದ್ದನ್ನು ಮಾಡಲ್ಲ, ಮತ್ತೆ ಹೇಗೆ ಸರಿಹೋಗುತ್ತೆ’ ಅಂತ. ಬೈದವರಲ್ಲಿ ನಾನೂ ಒಬ್ಬ.

ವ್ಯಾಯಾಮವೇ ಖಿನ್ನತೆಗೆ ಮದ್ದು ಅನ್ನುವ ಮಾತು ಈಗ ಎಲ್ಲಾ ಕಡೆ ಓಡಾಡುತ್ತಿದೆ. ವಾಟ್ಸಾಪ್‌ನಲ್ಲಿ ಬರುತ್ತದೆ, ರೀಲ್ಸ್‌ನಲ್ಲಿ ಬರುತ್ತದೆ, ಮದುವೆ ಮನೆಯ ಊಟದ ಸಾಲಿನಲ್ಲಿ ಪಕ್ಕ ಕೂತವರ ಬಾಯಲ್ಲೂ ಬರುತ್ತದೆ. ಈ ಮಾತಿನ ಹಿಂದೆ ಒಳ್ಳೆಯ ಅಧ್ಯಯನಗಳು ಇವೆ, ಸುಮ್ನೆ ಹುಟ್ಟಿದ ಮಾತಲ್ಲ. ಆದರೆ ಆ ಅಧ್ಯಯನಗಳನ್ನು ತೆಗೆದು ಓದಿದರೆ ಒಂದು ವಿಷಯ ಕಣ್ಣಿಗೆ ಹೊಡೆಯುತ್ತದೆ. ಅಲ್ಲಿ ಯಾರೂ ರೋಗಿಯ ಕೈಗೆ ಚೀಟಿ ಕೊಟ್ಟು ಮನೆಗೆ ಕಳಿಸಿ ಸುಮ್ಮನಾಗಿಲ್ಲ.

1999ರ ಒಂದು ಅಧ್ಯಯನ ನೋಡಿ. ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ಜೇಮ್ಸ್ ಬ್ಲೂಮೆಂಥಾಲ್ ಮತ್ತು ಅವರ ತಂಡ ಮಾಡಿದ್ದು. 50 ವರ್ಷ ದಾಟಿದ 156 ಜನ, ಎಲ್ಲರಿಗೂ ಖಿನ್ನತೆ. ಚೀಟಿ ಎತ್ತಿದ ಹಾಗೆ ಅವರನ್ನು ಮೂರು ಗುಂಪು ಮಾಡಿದರು. ಒಂದು ಗುಂಪಿಗೆ ವ್ಯಾಯಾಮ, ಇನ್ನೊಂದಕ್ಕೆ ಸರ್ಟ್ರಾಲಿನ್ ಅನ್ನುವ ಖಿನ್ನತೆಯ ಮಾತ್ರೆ, ಮೂರನೆಯದಕ್ಕೆ ಎರಡೂ. ವ್ಯಾಯಾಮ ಅಂದರೆ ವಾರಕ್ಕೆ ಮೂರು ದಿನ ಒಂದು ಕಡೆ ಬರಬೇಕು, 10 ನಿಮಿಷ ಮೈ ಬಿಸಿ ಮಾಡಿಕೊಳ್ಳಬೇಕು, 30 ನಿಮಿಷ ಜೋರಾಗಿ ನಡೆಯಬೇಕು ಇಲ್ಲ ಮೆಲ್ಲಗೆ ಓಡಬೇಕು, ಕೊನೆಗೆ 5 ನಿಮಿಷ ನಿಧಾನ ಮಾಡಿ ನಿಲ್ಲಿಸಬೇಕು. ಪಕ್ಕದಲ್ಲಿ ತರಬೇತುದಾರರು, ಎದೆಬಡಿತ ಎಷ್ಟಕ್ಕೆ ಏರಬೇಕು ಅನ್ನುವ ಲೆಕ್ಕ. ಹೀಗೆ 16 ವಾರ. ಕೊನೆಗೆ ನೋಡಿದರೆ ಮೂರೂ ಗುಂಪು ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿ ಸುಧಾರಿಸಿದ್ದವು. ಮಾತ್ರೆ ತಗೊಂಡವರಿಗೆ ಮೊದಲ ಕೆಲವು ವಾರದಲ್ಲಿ ಬೇಗ ಗುಣ ಕಂಡಿತು, ವ್ಯಾಯಾಮದವರು ನಿಧಾನವಾಗಿ ಬಂದು ಅವರನ್ನು ಮುಟ್ಟಿದರು.

ಅದಕ್ಕಿಂತ ದೊಡ್ಡ ಅಚ್ಚರಿ ಕಂಡಿದ್ದು ಇನ್ನೂ ಆರು ತಿಂಗಳು ಬಿಟ್ಟು. ಗುಣವಾಗಿದ್ದವರಲ್ಲಿ ಎಷ್ಟು ಜನಕ್ಕೆ ಖಿನ್ನತೆ ಮರಳಿತು ಅಂತ ನೋಡಿದರು. ಬರೀ ಮಾತ್ರೆಯವರಲ್ಲಿ ಶೇ 38, ಎರಡೂ ಮಾಡಿದವರಲ್ಲಿ ಶೇ 31, ಬರೀ ವ್ಯಾಯಾಮದವರಲ್ಲಿ ಶೇ 8. ಎರಡೂ ಮಾಡಿದವರು ಎಲ್ಲರಿಗಿಂತ ಚೆನ್ನಾಗಿರಬೇಕಿತ್ತು ಅಲ್ವಾ? ಆಗಲಿಲ್ಲ. ‘ನಾನೇ ಕಷ್ಟಪಟ್ಟು ಎದ್ದು ನಿಂತೆ’ ಅನ್ನುವ ಭಾವನೆ ಮಾತ್ರೆಯ ಜೊತೆ ಹಂಚಿಹೋಯಿತೇನೋ ಅಂತ ಸಂಶೋಧಕರು ಊಹೆ ಮಾಡಿದರು. ಊಹೆ ಅಷ್ಟೇ. ನನಗಂತೂ ಈ ಊಹೆ ಸ್ವಲ್ಪ ಅಪಾಯಕಾರಿ ಅನ್ನಿಸುತ್ತದೆ. ಯಾಕೆಂದರೆ ರೀಲ್ಸ್ ಮಾಡುವವರು ಇಲ್ಲಿಂದಲೇ ‘ಮಾತ್ರೆ ಬಿಸಾಕಿ, ಶೂ ಹಾಕಿ’ ಅನ್ನುವ ಘೋಷಣೆ ಎತ್ತಿಕೊಳ್ಳುವುದು.

ಅದೇ ತಂಡ 2007ರಲ್ಲಿ ಇನ್ನೊಂದು ಅಧ್ಯಯನ ಪ್ರಕಟಿಸಿತು. ಈ ಸಲ 202 ಜನ, ಜೊತೆಗೆ ಸುಳ್ಳು ಮಾತ್ರೆ ತಗೊಳ್ಳುವ ಒಂದು ಗುಂಪನ್ನೂ ಸೇರಿಸಿದರು. 16 ವಾರದ ಕೊನೆಗೆ ಖಿನ್ನತೆಯಿಂದ ಹೊರಬಂದವರು ನಿಜವಾದ ಮಾತ್ರೆಯಲ್ಲಿ ಶೇ 47, ತರಬೇತುದಾರರ ಎದುರು ವ್ಯಾಯಾಮ ಮಾಡಿದವರಲ್ಲಿ ಶೇ 45, ಹೇಳಿಸಿಕೊಂಡು ಹೋಗಿ ಮನೆಯಲ್ಲೇ ಮಾಡಿದವರಲ್ಲಿ ಶೇ 40, ಸುಳ್ಳು ಮಾತ್ರೆಯಲ್ಲಿ ಶೇ 31. ಈ ಕೊನೆಯ ಅಂಕಿಯನ್ನು ಗಮನಿಸಿ. ಏನೂ ಇಲ್ಲದ ಮಾತ್ರೆ ತಗೊಂಡವರಲ್ಲೂ ಹತ್ತರಲ್ಲಿ ಮೂರು ಜನ ಚೇತರಿಸಿಕೊಂಡರು. ಯಾರೋ ಆಗಾಗ ವಿಚಾರಿಸುತ್ತಾರೆ ಅನ್ನುವುದೇ ಅರ್ಧ ಮದ್ದು ಇರಬಹುದು. ಈ ಮಾತಿಗೆ ಆಮೇಲೆ ಬರುತ್ತೇನೆ.

ಈಗ ಇದಕ್ಕೆ ಉಲ್ಟಾ ಕಥೆ. 2012ರಲ್ಲಿ ಬ್ರಿಟನ್ನಿನ ಬಿಎಂಜೆ ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ಒಂದು ವರದಿ ಬಂತು. ಖಿನ್ನತೆ ಇದ್ದ 361 ಜನ. ಅರ್ಧ ಜನಕ್ಕೆ ಮಾಮೂಲಿ ಚಿಕಿತ್ಸೆ. ಉಳಿದ ಅರ್ಧಕ್ಕೆ ಅದರ ಜೊತೆಗೆ ವ್ಯಾಯಾಮದ ಸಲಹೆಗಾರರು. ಎಂಟು ತಿಂಗಳಲ್ಲಿ ಹೆಚ್ಚೆಂದರೆ ಮೂರು ಸಲ ಮುಖಾಮುಖಿ ಭೇಟಿ, ಹತ್ತು ಸಲ ಫೋನ್. ಸಲಹೆ ಪಡೆದವರು ಮೊದಲಿಗಿಂತ ಜಾಸ್ತಿ ಓಡಾಡುತ್ತಿದ್ದೇವೆ ಅಂತ ಹೇಳಿಕೊಂಡರು. ಆದರೆ ಖಿನ್ನತೆಯಲ್ಲಿ ಎರಡು ಗುಂಪಿಗೂ ವ್ಯತ್ಯಾಸ ಇರಲಿಲ್ಲ. ಮಾರನೆಯ ದಿನ ಪತ್ರಿಕೆಗಳ ತಲೆಬರಹ ‘ಖಿನ್ನತೆಗೆ ವ್ಯಾಯಾಮದಿಂದ ಉಪಯೋಗ ಇಲ್ಲ’ ಅನ್ನುವ ಧಾಟಿಯಲ್ಲಿ ಬಂದವು. ನಿಜವಾಗಿ ಅಲ್ಲಿ ಪರೀಕ್ಷೆ ಮಾಡಿದ್ದು ವ್ಯಾಯಾಮವನ್ನಲ್ಲ, ವ್ಯಾಯಾಮ ಮಾಡಿ ಅನ್ನುವ ಸಲಹೆಯನ್ನು. ಸಲಹೆಗೆ ಗುಣ ಸಿಗಲಿಲ್ಲ. ನಮ್ಮ ಚಿಕ್ಕಮ್ಮನ ಚೀಟಿಗೆ ಸಿಗದ ಹಾಗೆ. ಬ್ರಿಟನ್ನಿನವರಿಗಾದರೂ ಆಗಾಗ ಫೋನ್ ಬರುತ್ತಿತ್ತು.

ಹಾಗಾದರೆ ಒಟ್ಟಾರೆ ಲೆಕ್ಕ ಏನು? ಇಲ್ಲಿ ಸ್ವಲ್ಪ ತಾಳ್ಮೆ ಬೇಕು.

2024ರಲ್ಲಿ ಬಿಎಂಜೆಯಲ್ಲೇ ಒಂದು ದೊಡ್ಡ ಪರಿಶೀಲನೆ, ಅಂದರೆ ಹಿಂದಿನ ಪ್ರಯೋಗಗಳನ್ನೆಲ್ಲ ಒಟ್ಟು ಹಾಕಿ ನೋಡಿದ ಅಧ್ಯಯನ, ಬಂತು. 218 ಪ್ರಯೋಗಗಳು, 14,170 ಜನ. ವಾಕಿಂಗ್ ಅಥವಾ ಜಾಗಿಂಗ್, ಯೋಗ, ಭಾರ ಎತ್ತುವ ವ್ಯಾಯಾಮ ಇವು ಮೂರೂ ಗಣನೀಯವಾಗಿ ಖಿನ್ನತೆ ಇಳಿಸುತ್ತವೆ, ಸ್ವಲ್ಪ ಜೋರಾಗಿ ಮಾಡಿದಷ್ಟೂ ಪರಿಣಾಮ ಜಾಸ್ತಿ ಅಂತ ಅದು ಹೇಳಿತು. ಸುದ್ದಿಯಲ್ಲಿ ಇಷ್ಟೇ ಬಂತು. ಅದೇ ಲೇಖಕರು ಅದೇ ಲೇಖನದಲ್ಲಿ ಈ ಫಲಿತಾಂಶಗಳ ಮೇಲೆ ನಂಬಿಕೆ ‘ಕಡಿಮೆ’ ಅಥವಾ ‘ತೀರ ಕಡಿಮೆ’ ಅಂತಲೂ ಬರೆದಿದ್ದರು. ಅದು ಸುದ್ದಿಯಾಗಲಿಲ್ಲ.

ನಂಬಿಕೆ ಕಡಿಮೆ ಯಾಕೆ? ಮಾತ್ರೆಯ ಪ್ರಯೋಗದಲ್ಲಿ ಯಾರಿಗೆ ನಿಜವಾದ ಮಾತ್ರೆ, ಯಾರಿಗೆ ಸುಳ್ಳು ಮಾತ್ರೆ ಅಂತ ರೋಗಿಗೂ ಗೊತ್ತಿರುವುದಿಲ್ಲ, ಕೊಡುವವರಿಗೂ ಗೊತ್ತಿರುವುದಿಲ್ಲ. ವ್ಯಾಯಾಮದಲ್ಲಿ ಈ ಗುಟ್ಟು ಸಾಧ್ಯವೇ ಇಲ್ಲ. ನೀವು ಓಡುತ್ತಿದ್ದೀರೋ ಇಲ್ಲವೋ ನಿಮಗೆ ಗೊತ್ತಿರುತ್ತದೆ. ಓಡುವ ಗುಂಪಿಗೆ ಸೇರಿದವರು ‘ನನಗೆ ಒಳ್ಳೆಯದಾಗುತ್ತದೆ’ ಅಂತ ಅಂದುಕೊಂಡೇ ಇರುತ್ತಾರೆ, ಹೋಲಿಕೆಗೆ ಅಂತ ಕಾಯುವ ಪಟ್ಟಿಗೆ ಸೇರಿದವರು ‘ನನಗೆ ಏನೂ ಸಿಗಲಿಲ್ಲ’ ಅಂತ ಬೇಜಾರು ಮಾಡಿಕೊಂಡಿರುತ್ತಾರೆ. ಆಮೇಲೆ ಇಂಥ ಅಧ್ಯಯನಕ್ಕೆ ಹೆಸರು ಕೊಡುವವರೇ ಮನೆಯಿಂದ ಹೊರಗೆ ಬರುವಷ್ಟು ಶಕ್ತಿ ಇದ್ದವರು, ವ್ಯಾಯಾಮದ ಮೇಲೆ ಒಂದಿಷ್ಟು ಒಲವೂ ಇದ್ದವರು. ಹಾಸಿಗೆ ಬಿಟ್ಟು ಏಳದವರು ಅಲ್ಲಿಗೆ ಬಂದೇ ಇರುವುದಿಲ್ಲ.

2013ರಲ್ಲಿ, ವೈದ್ಯಕೀಯ ಪ್ರಯೋಗಗಳನ್ನು ಒಟ್ಟು ಹಾಕಿ ತೂಗಿ ನೋಡುವ ಕಾಕ್ರೇನ್ ಸಂಸ್ಥೆಯ ಪರಿಶೀಲನೆ ಇದನ್ನೇ ತೋರಿಸಿತ್ತು. ಎಲ್ಲಾ ಪ್ರಯೋಗಗಳನ್ನು ಸೇರಿಸಿದರೆ ವ್ಯಾಯಾಮದ ಪರಿಣಾಮ ಮಧ್ಯಮ ಮಟ್ಟದ್ದು. ಜರಡಿ ಹಿಡಿದು ಕಟ್ಟುನಿಟ್ಟಾಗಿ ನಡೆದ ಆರನ್ನು ಮಾತ್ರ ಇಟ್ಟುಕೊಂಡರೆ ಪರಿಣಾಮ ತುಂಬ ಸಣ್ಣದಾಯಿತು, ಇದೆಯೋ ಇಲ್ಲವೋ ಅನ್ನುವಷ್ಟು. ಅದೇ ಪರಿಶೀಲನೆಯ ಹೊಸ ಆವೃತ್ತಿ 2026ರ ಜನವರಿಯಲ್ಲಿ ಬಂದಿದೆ. 73 ಪ್ರಯೋಗಗಳು, ಹತ್ತಿರ ಹತ್ತಿರ 5,000 ಜನ. ಏನೂ ಮಾಡದೇ ಇರುವುದಕ್ಕಿಂತ ವ್ಯಾಯಾಮ ಒಳ್ಳೆಯದು, ಆಪ್ತಸಮಾಲೋಚನೆಯಂಥ ಚಿಕಿತ್ಸೆಗೆ ಹೋಲಿಸಿದರೆ ಹೆಚ್ಚು ವ್ಯತ್ಯಾಸ ಕಾಣುವುದಿಲ್ಲ, ಮಾತ್ರೆಗೆ ಹೋಲಿಸಿದರೂ ಅಷ್ಟೇ ಆದರೆ ಆ ಹೋಲಿಕೆಗೆ ಸಾಕ್ಷಿ ದುರ್ಬಲ, ಬಹಳ ದಿನ ಆದ ಮೇಲೆ ಏನಾಗುತ್ತದೆ ಅನ್ನುವುದಕ್ಕೆ ಸಾಕ್ಷಿ ಇನ್ನೂ ಕಮ್ಮಿ. ನಾನು ಇದರಿಂದ ಅರ್ಥ ಮಾಡಿಕೊಂಡಿದ್ದು ಇಷ್ಟು: ವ್ಯಾಯಾಮಕ್ಕೆ ನಿಜವಾದ ಗುಣ ಇದೆ, ಆದರೆ ಪವಾಡದ ಗುಣ ಇಲ್ಲ. ಖಿನ್ನತೆಯ ಮಾತ್ರೆಗಳ ಕಥೆಯೂ ಹೆಚ್ಚುಕಡಿಮೆ ಇದೇ, ಅವೂ ಪವಾಡ ಮಾಡುವುದಿಲ್ಲ.

ಯಾವ ಕಾಯಿಲೆಗೆ ಯಾವ ಚಿಕಿತ್ಸೆ ಅಂತ ಡಾಕ್ಟರುಗಳಿಗೆ ಸೂಚಿಸುವ ಬ್ರಿಟನ್ನಿನ ನೈಸ್ ಸಂಸ್ಥೆ 2022ರಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲಿ, ತೀವ್ರವಲ್ಲದ ಖಿನ್ನತೆಗೆ ಗುಂಪು ವ್ಯಾಯಾಮವನ್ನು ಚಿಕಿತ್ಸೆಯ ಪಟ್ಟಿಯಲ್ಲೇ ಸೇರಿಸಿದೆ. ಗುಂಪು ಅನ್ನುವ ಪದ ನೋಡಿ. ಒಬ್ಬರೇ ಹೋಗಿ ನಡೆಯಿರಿ ಅಂದಿಲ್ಲ.

ಯಾಕೆ ಗುಂಪು? ಖಿನ್ನತೆ ಏನು ಮಾಡುತ್ತದೆ ಅಂತ ನೋಡಿದರೆ ಗೊತ್ತಾಗುತ್ತದೆ. ಅದು ಬರೀ ದುಃಖ ಅಲ್ಲ. ಎಷ್ಟೋ ಜನ ಅಳುವುದೂ ಇಲ್ಲ. ಯಾವುದರಲ್ಲೂ ಮನಸ್ಸಿಲ್ಲ, ಮೈ ಭಾರ, ಕೈಕಾಲು ಸೀಸ ತುಂಬಿದ ಹಾಗೆ, ಸ್ನಾನಕ್ಕೆ ಹೋಗುವುದೇ ಒಂದು ಬೆಟ್ಟ ಹತ್ತಿದ ಹಾಗೆ. ‘ಮಾಡಿ ಏನು ಪ್ರಯೋಜನ’ ಅನ್ನುವ ಪ್ರಶ್ನೆ ಎಲ್ಲದಕ್ಕೂ ಮುಂಚೆ ಬಂದು ನಿಲ್ಲುತ್ತದೆ. ಅಂಥವರಿಗೆ ‘ದಿನಾ 45 ನಿಮಿಷ ನಡೆ’ ಅಂದರೆ, ಕಾಲು ಮುರಿದವನಿಗೆ ಆಸ್ಪತ್ರೆಗೆ ನಡೆದುಕೊಂಡು ಬಾ ಅಂದ ಹಾಗೆ. ಕಾಯಿಲೆ ಕಿತ್ತುಕೊಂಡಿರುವುದು ಯಾವ ಶಕ್ತಿಯನ್ನೋ ಆ ಶಕ್ತಿಯನ್ನೇ ಈ ಮದ್ದು ಕೇಳುತ್ತದೆ. ಇದು ಗೊತ್ತಿಲ್ಲದ ಮನೆಯವರಿಗೆ ಕಾಣುವುದು ಸೋಮಾರಿತನ. ರೋಗಿಗೂ ತಾನು ಸೋಮಾರಿ ಅಂತಲೇ ಅನ್ನಿಸುತ್ತಿರುತ್ತದೆ. ಈಗ ಮಾಡದೇ ಉಳಿದ ವಾಕಿಂಗೂ ಆ ಲೆಕ್ಕಕ್ಕೆ ಸೇರಿಕೊಳ್ಳುತ್ತದೆ. ಮದ್ದು ಅಂತ ಕೊಟ್ಟಿದ್ದು ಇನ್ನೊಂದು ತಪ್ಪಿನ ಭಾರವಾಗಿ ಕೂರುತ್ತದೆ.

ಆಮ್‌ಸ್ಟರ್‌ಡ್ಯಾಮಿನಲ್ಲಿ ನಡೆದು 2023ರಲ್ಲಿ ಪ್ರಕಟವಾದ ಅಧ್ಯಯನ ಇದನ್ನು ಅಂಕಿಯಲ್ಲಿ ತೋರಿಸಿತು. ಖಿನ್ನತೆ ಅಥವಾ ಆತಂಕದ ಕಾಯಿಲೆ ಇದ್ದ 141 ಜನ. ಅಲ್ಲಿ ಹೆಚ್ಚಿನವರಿಗೆ ಆಯ್ಕೆ ಬಿಟ್ಟುಕೊಟ್ಟಿದ್ದರು: ಮಾತ್ರೆ ಬೇಕಾ, ಓಟ ಬೇಕಾ? 45 ಜನ ಮಾತ್ರೆಗೆ, 96 ಜನ ಓಟಕ್ಕೆ. 16 ವಾರದ ಕೊನೆಗೆ ಎರಡೂ ಕಡೆ ಶೇ 44ರ ಆಸುಪಾಸು ಜನ ಗುಣವಾಗಿದ್ದರು. ಓಟದವರ ತೂಕ, ರಕ್ತದೊತ್ತಡ, ಹೃದಯ ಎಲ್ಲವೂ ಸುಧಾರಿಸಿತ್ತು, ಮಾತ್ರೆಯವರದು ಸ್ವಲ್ಪ ಹಿಂದೆ ಬಿದ್ದಿತ್ತು. ಸುದ್ದಿಮನೆಗಳಿಗೆ ಹಬ್ಬ. ಆದರೆ ಮಾತ್ರೆಯನ್ನು ಹೇಳಿದಂತೆ ತಗೊಂಡವರು ಶೇ 82, ಓಟವನ್ನು ಹೇಳಿದಂತೆ ಮಾಡಿದವರು ಶೇ 52. ಓಟ ಬೇಕು ಅಂತ ತಾವೇ ಆರಿಸಿಕೊಂಡವರು, ಜೊತೆಗೆ ಓಡಿಸಲು ಜನ ಇದ್ದವರು, ಹಾಲೆಂಡಿನ ಚೆಂದದ ದಾರಿಗಳಲ್ಲಿ ಓಡುವವರು. ಅವರಲ್ಲೂ ಅರ್ಧದಷ್ಟು ಜನಕ್ಕೆ ಆಗಲಿಲ್ಲ. ನಾವು ಒಬ್ಬ ಒಂಟಿ ಹೆಂಗಸಿನ ಕೈಗೆ ಚೀಟಿ ಕೊಟ್ಟು ಏನು ನಿರೀಕ್ಷೆ ಮಾಡುತ್ತಿದ್ದೇವೆ?

ವ್ಯಾಯಾಮ ಒಳಗೆ ಏನು ಮಾಡುತ್ತದೆ ಅನ್ನುವುದಕ್ಕೆ ಎಲ್ಲರೂ ಹೇಳುವುದು ಎಂಡಾರ್ಫಿನ್, ಅಂದರೆ ನೋವು ಮರೆಸಿ ಹಿತ ಕೊಡುತ್ತದೆ ಅನ್ನುವ, ದೇಹದಲ್ಲೇ ಹುಟ್ಟುವ ರಾಸಾಯನಿಕ. ಆ ಕಥೆ ಅಷ್ಟು ಗಟ್ಟಿ ಇಲ್ಲ. ರಕ್ತದಲ್ಲಿ ಏರುವ ಎಂಡಾರ್ಫಿನ್ ಮೆದುಳಿನ ಒಳಗೆ ಸುಲಭವಾಗಿ ದಾಟುವುದಿಲ್ಲ. ಅದಕ್ಕಿಂತ ನನಗೆ ಇಷ್ಟವಾದ ವಿವರಣೆ ಸ್ವೀಡನ್ನಿನ ಕರೋಲಿನ್‌ಸ್ಕಾ ಸಂಸ್ಥೆಯವರು 2014ರಲ್ಲಿ ಇಲಿಗಳಲ್ಲಿ ಕಂಡದ್ದು. ಒತ್ತಡ ಇದ್ದಾಗ ದೇಹದಲ್ಲಿ ಕೈನ್ಯುರೆನಿನ್ ಅನ್ನುವ ವಸ್ತು ಜಾಸ್ತಿಯಾಗುತ್ತದೆ, ಅದು ಮೆದುಳಿಗೆ ಹೋಗಿ ತೊಂದರೆ ಕೊಡುತ್ತದೆ. ಪಳಗಿದ ಸ್ನಾಯುಗಳು ಆ ವಸ್ತುವನ್ನು ಹಿಡಿದು, ಮೆದುಳಿಗೆ ದಾಟಲಾಗದ ಇನ್ನೊಂದು ರೂಪಕ್ಕೆ ತಿರುಗಿಸುತ್ತವೆ. ತೊಡೆಯ ಮಾಂಸ ಮೆದುಳಿಗೆ ಕಾವಲು ಕೂತ ಹಾಗೆ. ಮನುಷ್ಯರಲ್ಲಿ ಇದರ ಪಾಲು ಎಷ್ಟು ಅನ್ನುವುದು ಬೇರೆ ಪ್ರಶ್ನೆ. ನೆನಪಿಗೆ ಬೇಕಾದ, ಮೆದುಳಿನ ಹಿಪ್ಪೊಕ್ಯಾಂಪಸ್ ಅನ್ನುವ ಭಾಗ ವಾಕಿಂಗಿನಿಂದ ಸ್ವಲ್ಪ ಬೆಳೆಯುತ್ತದೆ ಅಂತಲೂ 2011ರಲ್ಲಿ 120 ವಯಸ್ಸಾದವರ ಮೇಲೆ ನಡೆದ ಅಧ್ಯಯನ ತೋರಿಸಿದೆ, ಸುಮಾರು ಶೇ 2ರಷ್ಟು. ಆದರೆ ಅವರು ಖಿನ್ನತೆಯ ರೋಗಿಗಳಲ್ಲ.

ರಸಾಯನದ ಮಾತು ಬಿಡಿ. ಇನ್ನೊಂದು ದಾರಿ ಇದೆ, ಅದಕ್ಕೆ ಮೈಕ್ರೋಸ್ಕೋಪ್ ಬೇಡ. ಖಿನ್ನತೆಯಲ್ಲಿ ಮನುಷ್ಯ ಒಂದೊಂದೇ ಕೆಲಸ ಬಿಡುತ್ತಾ ಹೋಗುತ್ತಾನೆ. ಬಿಟ್ಟಷ್ಟೂ ದಿನ ಖಾಲಿ, ಖಾಲಿಯಾದಷ್ಟೂ ಯೋಚನೆ, ಯೋಚನೆ ಜಾಸ್ತಿಯಾದಷ್ಟೂ ಇನ್ನೊಂದು ಕೆಲಸ ಬಿಡುವುದು. ಈ ಸುತ್ತನ್ನು ಎಲ್ಲಾದರೂ ಒಂದು ಕಡೆ ಮುರಿಯಬೇಕು. ಮನಸ್ಸು ಬಂದ ಮೇಲೆ ಮಾಡೋಣ ಅಂತ ಕಾದರೆ ಮನಸ್ಸು ಬರುವುದಿಲ್ಲ, ಮಾಡಿದ ಮೇಲೆ ಬರುತ್ತದೆ, ಅದೂ ಚೂರೇ ಚೂರು.

ನಮ್ಮ ಕಡೆ ಇನ್ನೊಂದು ಮಾತು ಕೇಳಿರುತ್ತೀರಿ. ‘ಗದ್ದೆಯಲ್ಲಿ ಬೆವರು ಸುರಿಸಿ ದುಡಿಯೋರಿಗೆ ಎಂಥಾ ಡಿಪ್ರೆಶನ್ನು, ಅದೆಲ್ಲಾ ಕೂತು ತಿನ್ನೋರಿಗೆ.’ ವ್ಯಾಯಾಮ ಮದ್ದು ಅನ್ನುವ ಸುದ್ದಿ ಬಂದಾಗಲೆಲ್ಲ ಈ ಮಾತಿಗೆ ಮತ್ತೆ ರೆಕ್ಕೆ ಬರುತ್ತದೆ. ಇದು ತಪ್ಪು. 2017ರಲ್ಲಿ ಬಂದ ಒಂದು ಪರಿಶೀಲನೆ ದೈಹಿಕ ಚಟುವಟಿಕೆಯನ್ನು ಬಗೆಬಗೆಯಾಗಿ ಬಿಡಿಸಿ ನೋಡಿತು. ಬಿಡುವಿನಲ್ಲಿ, ಇಷ್ಟಪಟ್ಟು ಮಾಡುವ ಚಟುವಟಿಕೆಗೂ ಮನಸ್ಸಿನ ಆರೋಗ್ಯಕ್ಕೂ ಒಳ್ಳೆಯ ನಂಟು ಕಂಡಿತು. ಹೊಟ್ಟೆಪಾಡಿಗೆ ಮಾಡುವ ಮೈದುಡಿಮೆಗೆ ಉಲ್ಟಾ, ಅದು ಜಾಸ್ತಿ ಇದ್ದ ಕಡೆ ಮಾನಸಿಕ ತೊಂದರೆಯೂ ಜಾಸ್ತಿ. ಆಶ್ಚರ್ಯ ಏನಿಲ್ಲ. ಕಾಫಿ ತೋಟದಲ್ಲಿ ಮೇಸ್ತ್ರಿ ಕೂಗಿದಾಗ ಎತ್ತುವ ಮೂಟೆಗೂ ಜಿಮ್ಮಿನಲ್ಲಿ ಹಾಡು ಕೇಳುತ್ತಾ ಎತ್ತುವ ಡಂಬಲ್‌ಗೂ ಸ್ನಾಯುವಿನ ಮಟ್ಟಿಗೆ ವ್ಯತ್ಯಾಸ ಕಮ್ಮಿ ಇರಬಹುದು, ಮನುಷ್ಯನ ಮಟ್ಟಿಗೆ ಬಹಳ ಇದೆ. ಒಂದರಲ್ಲಿ ಸಾಕು ಅನ್ನಿಸಿದಾಗ ನಿಲ್ಲಿಸಬಹುದು, ಇನ್ನೊಂದರಲ್ಲಿ ಇಲ್ಲ.

ಹೆಂಗಸರ ವಿಷಯ ಇನ್ನೂ ಗೋಜಲು. 2024ರಲ್ಲಿ ಲ್ಯಾನ್ಸೆಟ್ ಗ್ಲೋಬಲ್ ಹೆಲ್ತ್ ಪತ್ರಿಕೆಯಲ್ಲಿ ಬಂದ ಲೆಕ್ಕದ ಪ್ರಕಾರ 2022ರಲ್ಲಿ ಭಾರತದ ವಯಸ್ಕರಲ್ಲಿ ಹತ್ತಿರ ಹತ್ತಿರ ಅರ್ಧ ಜನಕ್ಕೆ ಬೇಕಾದಷ್ಟು ದೈಹಿಕ ಚಟುವಟಿಕೆ ಇಲ್ಲ. ಗಂಡಸರಲ್ಲಿ ಶೇ 42, ಹೆಂಗಸರಲ್ಲಿ ಶೇ 57. ಬೆಳಿಗ್ಗೆ ಐದಕ್ಕೆ ಎದ್ದು ರಾತ್ರಿ ಹತ್ತರವರೆಗೆ ನಿಂತೇ ಇರುವವರಿಗೆ ಈ ಅಂಕಿ ಹೇಳಿದರೆ ಸಿಟ್ಟು ಬರುತ್ತದೆ, ಬರಬೇಕಾದ್ದೇ. ಅಡುಗೆಮನೆಯಲ್ಲಿ ಸೊಂಟ ಬೀಳುತ್ತದೆ, ಎದೆಬಡಿತ ಮಾತ್ರ ಏರುವುದಿಲ್ಲ. ಸಂಜೆ ಅರ್ಧ ಗಂಟೆ ಸುಮ್ನೆ ನಡೆದು ಬರುತ್ತೇನೆ ಅಂದರೆ ‘ಎಲ್ಲಿಗೆ?’ ಅನ್ನುವ ಪ್ರಶ್ನೆ ಬರುತ್ತದೆ. ‘ಎಲ್ಲಿಗೂ ಇಲ್ಲ’ ಅನ್ನುವುದು ನಮ್ಮ ಊರುಗಳಲ್ಲಿ ಹೆಂಗಸರು ಹೇಳಬಹುದಾದ ಉತ್ತರ ಅಲ್ಲ.

ಇನ್ನು ಹೊತ್ತಿನ ವಿಷಯ. ವಾಕಿಂಗ್ ಅಂದರೆ ನಮ್ಮಲ್ಲಿ ಬೆಳಿಗ್ಗೆ ಐದೂವರೆ, ಸ್ವೆಟರ್, ಮಂಕಿ ಕ್ಯಾಪ್. ಆದರೆ ಖಿನ್ನತೆ ತೀವ್ರವಾಗಿರುವ ಎಷ್ಟೋ ಜನಕ್ಕೆ ಬೆಳಗಿನ ಹೊತ್ತೇ ಎಲ್ಲಕ್ಕಿಂತ ಕೆಟ್ಟದ್ದು. ಮೂರು ನಾಲ್ಕು ಗಂಟೆಗೇ ಎಚ್ಚರ ಆಗಿರುತ್ತದೆ, ಏಳಲು ಆಗುವುದಿಲ್ಲ, ಸಂಜೆ ಹೊತ್ತಿಗೆ ಮೋಡ ಸ್ವಲ್ಪ ಚದುರುತ್ತದೆ. ಅಂಥವರನ್ನು ‘ಬೇಗ ಎದ್ದು ಹೋಗು’ ಅಂತ ತಳ್ಳುವುದು ಅವರ ದಿನದ ಅತಿ ಕಷ್ಟದ ಹೊತ್ತಿಗೆ ಅತಿ ಕಷ್ಟದ ಕೆಲಸ ಕೊಟ್ಟ ಹಾಗೆ. ಸಂಜೆ ಹೋಗಲಿ, ಮಧ್ಯಾಹ್ನ ಹೋಗಲಿ. ಬೆಂಗಳೂರಿನಲ್ಲಿ ಪಾರ್ಕುಗಳು ನಡು ಮಧ್ಯಾಹ್ನ ಬಾಗಿಲು ಹಾಕಿಕೊಂಡು ಕೂರುತ್ತಿದ್ದ ಕಾಲ ಇತ್ತು. 2024ರಲ್ಲಿ ಬೆಳಿಗ್ಗೆ 5ರಿಂದ ರಾತ್ರಿ 10ರವರೆಗೆ ತೆರೆದಿಡಬೇಕು ಅಂತ ಮಾಡಿದರು. ಇದು ಮಾನಸಿಕ ಆರೋಗ್ಯದ ಯೋಜನೆ ಅಂತ ಯಾರೂ ಅಂದುಕೊಂಡಿರಲಿಕ್ಕಿಲ್ಲ, ನನ್ನ ಲೆಕ್ಕದಲ್ಲಿ ಅದೇ.

ಯೋಗದ ಬಗ್ಗೆ ಕೇಳುತ್ತೀರಿ, ಗೊತ್ತು. ನಮ್ಮ ನಿಮ್ಹಾನ್ಸ್‌ನಲ್ಲಿ ನಡೆದು 2000ದಲ್ಲಿ ಪ್ರಕಟವಾದ ಒಂದು ಅಧ್ಯಯನ ಇದೆ. ತೀವ್ರ ಖಿನ್ನತೆಯಿಂದ ಆಸ್ಪತ್ರೆಗೆ ಸೇರಿದ 45 ಜನ. ಒಂದು ಗುಂಪಿಗೆ ವಿದ್ಯುತ್ ಚಿಕಿತ್ಸೆ, ಒಂದಕ್ಕೆ ಇಮಿಪ್ರಮಿನ್ ಅನ್ನುವ ಖಿನ್ನತೆಯ ಮಾತ್ರೆ, ಒಂದಕ್ಕೆ ಸುದರ್ಶನ ಕ್ರಿಯಾ ಅನ್ನುವ ಉಸಿರಾಟದ ಅಭ್ಯಾಸ. ನಾಲ್ಕು ವಾರದಲ್ಲಿ ಗುಣವಾದವರು ಶೇ 93, ಶೇ 73, ಶೇ 67. ಜನರಿಗೆ ಶಾಕ್ ಟ್ರೀಟ್‌ಮೆಂಟ್ ಅಂದರೆ ಭಯ, ಆದರೆ ಇಲ್ಲಿ ಎಲ್ಲರಿಗಿಂತ ಮುಂದೆ ಇದ್ದದ್ದು ಅದೇ. ಉಸಿರಾಟದ ಗುಂಪು ಮಾತ್ರೆಯ ಹತ್ತಿರಕ್ಕೆ ಬಂದಿದ್ದು ಸಣ್ಣ ವಿಷಯ ಅಲ್ಲ. ಆದರೆ ಒಂದೊಂದು ಗುಂಪಿನಲ್ಲಿ ಇದ್ದವರು 15 ಜನ ಮಾತ್ರ. ಅವರು ಆಸ್ಪತ್ರೆಯ ಒಳಗೇ ಇದ್ದರು, ಹೇಳಿಕೊಡುವವರು ಹತ್ತಿರವೇ ಇದ್ದರು. ಇಲ್ಲೂ ಅದೇ ಕಥೆ, ಯಾರೂ ಅವರಿಗೆ ಯೂಟ್ಯೂಬ್ ನೋಡಿ ಮಾಡಿಕೊಳ್ಳಿ ಅಂದಿರಲಿಲ್ಲ.

ಹಾಗಾದರೆ ಡ್ಯೂಕ್‌ನಂಥ ತರಬೇತುದಾರರನ್ನು ನಾವು ಎಲ್ಲಿಂದ ತರುವುದು? ಇದಕ್ಕೆ ಉತ್ತರ ಪಕ್ಕದ ಗೋವಾದಲ್ಲಿ ಸಿಕ್ಕಿದೆ. ಮನೋವೈದ್ಯ ವಿಕ್ರಂ ಪಟೇಲ್ ಮತ್ತು ಮಾನಸಿಕ ಆರೋಗ್ಯಕ್ಕೆ ಕೆಲಸ ಮಾಡುವ ಸಂಗಾತ್ ಸಂಸ್ಥೆಯವರು ಅಲ್ಲಿಯ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಮಾಡಿದ ಪ್ರಯೋಗ 2017ರಲ್ಲಿ ಲ್ಯಾನ್ಸೆಟ್‌ನಲ್ಲಿ ಬಂತು. 495 ರೋಗಿಗಳು, ಖಿನ್ನತೆ ಸಾಕಷ್ಟು ತೀವ್ರವಾಗಿದ್ದವರು. ಚಿಕಿತ್ಸೆ ಕೊಟ್ಟವರು ಡಾಕ್ಟರೂ ಅಲ್ಲ, ಮನಃಶಾಸ್ತ್ರ ಓದಿದವರೂ ಅಲ್ಲ. ತರಬೇತಿ ಪಡೆದ ಊರಿನವರೇ. ಆರರಿಂದ ಎಂಟು ಭೇಟಿ, ಆಸ್ಪತ್ರೆಯಲ್ಲಿ ಆಗದಿದ್ದರೆ ಮನೆಗೇ ಹೋಗಿ. ಅವರು ಮಾಡಿಸಿದ್ದು ಮೇಲೆ ಹೇಳಿದ ಆ ಸುತ್ತನ್ನು ಮುರಿಯುವ ಕೆಲಸ: ಈ ವಾರ ಏನು ಒಂದು ಸಣ್ಣ ಕೆಲಸ ಮಾಡುತ್ತೀರಿ, ಯಾವಾಗ, ಯಾರ ಜೊತೆ, ಆಗದಿದ್ದರೆ ಯಾಕೆ ಆಗಲಿಲ್ಲ, ಇನ್ನೂ ಸಣ್ಣದು ಮಾಡೋಣವಾ? ಮೂರು ತಿಂಗಳಿಗೆ ಇವರಲ್ಲಿ ಶೇ 64 ಜನ ಖಿನ್ನತೆಯಿಂದ ಹೊರಗೆ ಬಂದಿದ್ದರು, ಮಾಮೂಲಿ ಚಿಕಿತ್ಸೆಯವರಲ್ಲಿ ಶೇ 39. ಇದು ವ್ಯಾಯಾಮದ ಪ್ರಯೋಗ ಅಲ್ಲ, ನಿಜ. ಆದರೆ ಮಲಗಿದವರನ್ನು ಎಬ್ಬಿಸಿ ನಾಲ್ಕು ಹೆಜ್ಜೆ ಇಡಿಸುವುದು ಹೇಗೆ ಅನ್ನುವ ಪ್ರಶ್ನೆಗೆ ನನಗೆ ಸಿಕ್ಕ ಅತ್ಯುತ್ತಮ ಉತ್ತರ ಇದೇ.

ನಮ್ಮ ಚಿಕ್ಕಮ್ಮನ ವಿಷಯದಲ್ಲಿ ಈ ಕೆಲಸ ಮಾಡಿದ್ದು ಪಕ್ಕದ ಮನೆಯ ರಿಟೈರ್ಡ್ ಟೀಚರ್. ಅವರಿಗೆ ಡಿಪ್ರೆಶನ್ ಬಗ್ಗೆ ಏನೂ ಗೊತ್ತಿಲ್ಲ. ಸಂಜೆ ಹಾಲಿನ ಬೂತಿಗೆ ಹೋಗುವಾಗ ಗೇಟಿನ ಹತ್ತಿರ ನಿಂತು ‘ಬನ್ನಿ ಅಕ್ಕಾ, ಒಬ್ಬಳೇ ಹೋಗೋಕೆ ಬೇಜಾರು’ ಅನ್ನುತ್ತಿದ್ದರು. ಮೊದಲ ವಾರ ಚಿಕ್ಕಮ್ಮ ಗೇಟಿನವರೆಗೆ ಬಂದು ವಾಪಸ್ ಹೋದರಂತೆ. ಆ ಟೀಚರ್ ಬೈಯಲಿಲ್ಲ, ಮಾರನೆಯ ದಿನ ಮತ್ತೆ ಕರೆದರು. ಮೂರು ತಿಂಗಳು ಹೋಗುವಷ್ಟರಲ್ಲಿ ಹಾಲಿನ ಬೂತು ದಾಟಿ ಕೆರೆ ಏರಿಯವರೆಗೆ ಹೋಗುತ್ತಿದ್ದರು. ಮಾತ್ರೆಯೂ ನಡೆಯುತ್ತಿತ್ತು. ಎರಡರಲ್ಲಿ ಯಾವುದು ಕೆಲಸ ಮಾಡಿತು ಅಂತ ಕೇಳಿದರೆ ನನ್ನ ಹತ್ತಿರ ಉತ್ತರ ಇಲ್ಲ, ಒಬ್ಬರ ಕಥೆಯಿಂದ ಅದನ್ನು ಹೇಳಲೂ ಬಾರದು.

ಮನೆಯಲ್ಲಿ ಯಾರಿಗಾದರೂ ಹೀಗಿದ್ದರೆ ನಾನು ಕಲಿತ ಒಂದೆರಡು ವಿಷಯ ಹೇಳಿಬಿಡುತ್ತೇನೆ. 45 ನಿಮಿಷ ಮರೆತುಬಿಡಿ, ಹತ್ತು ನಿಮಿಷದಿಂದ ಶುರು ಮಾಡಿ, ಹತ್ತೂ ಆಗದಿದ್ದರೆ ಚಪ್ಪಲಿ ಮೆಟ್ಟಿ ಗೇಟಿನವರೆಗೆ. ‘ಹೋಗು’ ಅನ್ನಬೇಡಿ, ‘ಹೋಗೋಣ’ ಅನ್ನಿ. ದಾರಿಯಲ್ಲಿ ಉಪದೇಶ ಬೇಡ. ಮುಂದೆ ಒಗ್ಗಿಕೊಂಡ ಮೇಲೆ ಮಾತಾಡಬಹುದು ಆದರೆ ಹಾಡಲಾಗದು ಅನ್ನುವಷ್ಟು ವೇಗ, ವಾರಕ್ಕೆ ಮೂರು ದಿನವಾದರೂ. ಎರಡು ಮೂರು ತಿಂಗಳು ಕೊಡಿ. ಹೃದಯದ ತೊಂದರೆ, ಮಂಡಿ ನೋವು ಇದ್ದರೆ ಡಾಕ್ಟರನ್ನು ಕೇಳಿ ಶುರು ಮಾಡಿ. ವಾಕಿಂಗ್ ಇಷ್ಟ ಇಲ್ಲವಾ, ಬೇರೆ ಏನಾದರೂ ಮಾಡಲಿ. ಯಾವುದು ಅತಿ ಒಳ್ಳೆಯದು ಅನ್ನುವ ವಾದಕ್ಕಿಂತ ಯಾವುದನ್ನು ಬಿಡದೆ ಮಾಡುತ್ತಾರೆ ಅನ್ನುವುದು ಮುಖ್ಯ.

ಇಲ್ಲಿ ತಮಾಷೆ ಬಿಟ್ಟು ಒಂದು ಮಾತು. ಊಟ ನಿದ್ದೆ ಪೂರ್ತಿ ಬಿಟ್ಟವರು, ಸಾಯುವ ಮಾತಾಡುವವರು, ಇಲ್ಲದ ಧ್ವನಿ ಕೇಳಿಸುವವರು, ಹೆರಿಗೆಯಾದ ಮೇಲೆ ಮಂಕಾದ ಬಾಣಂತಿಯರು, ಇವರಿಗೆ ಮೊದಲು ಡಾಕ್ಟರು, ವ್ಯಾಯಾಮ ಆಮೇಲೆ. ಮಾತ್ರೆ ತಗೊಳ್ಳುತ್ತಿರುವವರು ಓಟ ಶುರು ಮಾಡಿದೆ ಅಂತ ತಾವೇ ಮಾತ್ರೆ ನಿಲ್ಲಿಸಬಾರದು. ತಟ್ಟನೆ ನಿಲ್ಲಿಸಿದರೆ ತಲೆಸುತ್ತು, ಕಿರಿಕಿರಿ, ನಿದ್ದೆಗೇಡು ಬರಬಹುದು, ಕಾಯಿಲೆಯೂ ಮರಳಬಹುದು. 14416 ಟೆಲಿ ಮಾನಸ್ ಸಹಾಯವಾಣಿ, 2022ರ ಅಕ್ಟೋಬರ್ 10ರಂದು ಶುರುವಾಗಿದ್ದು. ದುಡ್ಡು ಕೊಡಬೇಕಿಲ್ಲ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು.

‘ಮಾತ್ರೆಯೋ ವ್ಯಾಯಾಮವೋ’ ಅನ್ನುವ ಜಗಳ ನಮ್ಮ ದೇಶದಲ್ಲಿ ಸ್ವಲ್ಪ ವಿಚಿತ್ರವಾಗಿ ಕೇಳಿಸುತ್ತದೆ. ನಿಮ್ಹಾನ್ಸ್ ಮುಂದಾಳತ್ವದಲ್ಲಿ ನಡೆದ 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ಖಿನ್ನತೆ ಇರುವ ನೂರು ಜನರಲ್ಲಿ 85 ಜನಕ್ಕೆ ಯಾವ ಚಿಕಿತ್ಸೆಯೂ ಸಿಗುತ್ತಿರಲಿಲ್ಲ. ಅವರಿಗೆ ಮಾತ್ರೆಯೂ ಇಲ್ಲ, ವಾಕಿಂಗ್ ಅಂತ ಗೀಚಿದ ಚೀಟಿಯೂ ಇಲ್ಲ.

ಬೇಕಾದ ಸಾಮಾನು ಮಾತ್ರ ಅರ್ಧ ಇಲ್ಲೇ ಬಿದ್ದಿದೆ. ಬಿಪಿ ಶುಗರ್ ತಪಾಸಣೆಗೆ ಅಂತ ಆಶಾ ಕಾರ್ಯಕರ್ತೆಯರು ಮನೆಮನೆಗೆ ತರುವ ಫಾರಂನ ಕೊನೆಯಲ್ಲಿ ಎರಡು ಪ್ರಶ್ನೆ ಇವೆ: ಕಳೆದ ಎರಡು ವಾರದಲ್ಲಿ ಯಾವ ಕೆಲಸದಲ್ಲೂ ಆಸಕ್ತಿ ಇಲ್ಲ ಅನ್ನಿಸಿದ್ದು ಎಷ್ಟು ದಿನ, ಮನಸ್ಸು ಕುಗ್ಗಿದ್ದು ಎಷ್ಟು ದಿನ. ಖಿನ್ನತೆ ಪತ್ತೆ ಮಾಡಲು ಜಗತ್ತೆಲ್ಲ ಬಳಸುವ ಎರಡು ಪ್ರಶ್ನೆ ಅವು. ಊರಿನ ಸರ್ಕಾರಿ ಆರೋಗ್ಯ ಕೇಂದ್ರಗಳಾದ ಆಯುಷ್ಮಾನ್ ಆರೋಗ್ಯ ಮಂದಿರಗಳಲ್ಲಿ ಯೋಗ ತರಗತಿ ನಡೆಸಬೇಕು ಅಂತಲೂ ಇದೆ. ಒಂದು ಕಡೆ ಪ್ರಶ್ನೆ, ಇನ್ನೊಂದು ಕಡೆ ಚಾಪೆ. ಪ್ರಶ್ನೆಗೆ ‘ದಿನಾ ಹೀಗೇ ಅನ್ನಿಸುತ್ತೆ’ ಅಂದ ಹೆಂಗಸನ್ನು ವಾರಕ್ಕೆ ಮೂರು ಸಂಜೆ ಆ ಚಾಪೆಯವರೆಗೆ ಕರೆದುಕೊಂಡು ಬರುವುದು ಯಾರ ಕೆಲಸ ಅನ್ನುವುದಕ್ಕೆ ನಾನು ನೋಡಿದ ಮಟ್ಟಿಗೆ ಉತ್ತರ ಇಲ್ಲ. ಆಶಾ ಅಕ್ಕಂದಿರೇ ಮಾಡಲಿ ಅನ್ನುವುದು ಸುಲಭ. ಬಾಣಂತಿ, ಲಸಿಕೆ, ಸಮೀಕ್ಷೆ, ಮೊಬೈಲ್ ಆ್ಯಪ್ ಎಲ್ಲ ಈಗಾಗಲೇ ಅವರ ತಲೆ ಮೇಲೇ ಇವೆ, ಮತ್ತು 2025ರ ಜನವರಿಯ ಚಳಿಯಲ್ಲಿ ಗೌರವಧನ ಜಾಸ್ತಿ ಮಾಡಿ ಅಂತ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ರಾತ್ರಿ ಹಗಲು ಕೂತಿದ್ದವರೂ ಅವರೇ.